ಕಾಲುದಾರಿ ಇಲ್ಲದ ಕಾಡಿನಲ್ಲಿ ಬೆಟ್ಟದ ನೆತ್ತಿಗೆ ದಾರಿ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಗುರುತು ಮಾಡಿದ ಕಾಲುದಾರಿ ಬಿಟ್ಟು, ಮರಗಳ ನಡುವೆ ತಾವೇ ದಾರಿ ಮಾಡಿಕೊಂಡು ಬೆಟ್ಟ ಹತ್ತಬೇಕು ಅನ್ನುವವರು ಕೇಳುವ ಪ್ರಶ್ನೆಗಳಿವು. ಹೆಚ್ಚಿನವರಿಗೆ ಮೇಲೆ ಹೋಗುವುದು ಹೇಗೆ ಅನ್ನುವ ಚಿಂತೆ. ನನ್ನ ಉತ್ತರಗಳಲ್ಲಿ ಇಳಿಯುವ ಮಾತೇ ಜಾಸ್ತಿ ಬರುತ್ತದೆ. ಹತ್ತುವಾಗ ಇಳಿಜಾರೇ ನಮ್ಮನ್ನು ನೆತ್ತಿಗೆ ಕರೆದೊಯ್ಯುತ್ತದೆ. ಇಳಿಯುವಾಗ ಅದೇ ಇಳಿಜಾರು ಹತ್ತು ಕಡೆ ಎಳೆಯುತ್ತದೆ. ಹಾಗಾಗಿ ದಾರಿ ಹುಡುಕುವ ಕೆಲಸದಲ್ಲಿ ಮುಕ್ಕಾಲು ಪಾಲು ವಾಪಸ್ ಬರುವುದರದ್ದು.

ನಾನು ಟ್ರೆಕ್ಕಿಂಗ್ ಮಾಡಿದ್ದೇನೆ, ಆದರೆ ಯಾವಾಗಲೂ ಕಾಲುದಾರಿಯಲ್ಲೇ. ಇದನ್ನು ಶುರು ಮಾಡಬಹುದಾ?

ಮಾಡಬಹುದು. ಆದರೆ ದೊಡ್ಡ ಬೆಟ್ಟದಿಂದ ಬೇಡ. ಮೊದಲು ನಾಲ್ಕೂ ಕಡೆ ರಸ್ತೆ, ಹೊಳೆ ಅಥವಾ ಹೊಲಗಳಿಂದ ಸುತ್ತುವರಿದ ಸಣ್ಣ ಕಾಡು ಆರಿಸಿಕೊಳ್ಳಿ. ಅಲ್ಲಿ ಯಾವ ದಿಕ್ಕಿಗೆ ಹೋದರೂ ಸ್ವಲ್ಪ ಹೊತ್ತಿಗೆ ಒಂದು ಅಂಚು ಸಿಗುತ್ತದೆ. ಮ್ಯಾಪ್ ಮತ್ತು ದಿಕ್ಸೂಚಿ ಹಿಡಿದು ಒಂದು ಸಣ್ಣ ದಿಬ್ಬ ಹುಡುಕಿ, ಹೊರಟ ಜಾಗಕ್ಕೇ ವಾಪಸ್ ಬನ್ನಿ. ಇದು ಸಲೀಸಾದ ಮೇಲೆ ದೊಡ್ಡದಕ್ಕೆ ಕೈ ಹಾಕಿ. ಎಷ್ಟು ದಪ್ಪ ಪೊದೆಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಅಂದಾಜು ಓದಿ ಬರುವಂಥದ್ದಲ್ಲ, ನಡೆದೇ ಬರಬೇಕು.

ಹೊರಡುವ ಮೊದಲು ಆ ಕಾಡಿನಲ್ಲಿ ಕಾಲುದಾರಿ ಬಿಟ್ಟು ನಡೆಯಲು ಅನುಮತಿ ಇದೆಯಾ ನೋಡಿ. ಅನೇಕ ರಕ್ಷಿತ ಕಾಡುಗಳಲ್ಲಿ ಇಲ್ಲ. ಅನುಮತಿ ಇಲ್ಲದ ಕಡೆ ಹೋಗಬೇಡಿ. ಇದರಲ್ಲಿ ಎರಡನೇ ಮಾತಿಲ್ಲ.

ಕಷ್ಟಪಟ್ಟು ಹತ್ತಿದ ಮೇಲೆ ಮರ ಬಿಟ್ಟು ಏನೂ ಕಾಣದಿದ್ದರೆ? ನೋಟ ಸಿಗುವ ಜಾಗ ಮೊದಲೇ ಗೊತ್ತಾಗುತ್ತಾ?

ತಕ್ಕಮಟ್ಟಿಗೆ ಗೊತ್ತಾಗುತ್ತದೆ. ಎತ್ತರ ಒಂದನ್ನೇ ನೋಡಬೇಡಿ. ತೀರಾ ಎತ್ತರದ ನೆತ್ತಿ ಚಪ್ಪಟೆಯಾಗಿ, ಮರ ತುಂಬಿಕೊಂಡು ಏನೂ ತೋರಿಸದೇ ಇರಬಹುದು. ಅದಕ್ಕಿಂತ 100 ಮೀಟರ್ ಕೆಳಗಿನ ಬಂಡೆಯ ಅಂಚಿನಿಂದ ಇಡೀ ಸಾಲು ಕಾಣಬಹುದು.

ಎರಡು ಕಡೆ ಹುಡುಕಿ. ಮೊದಲನೆಯದು ಉಪಗ್ರಹ ಚಿತ್ರ. ಹಸಿರಿನ ನಡುವೆ ಬೂದು ಅಥವಾ ತಿಳಿಕಂದು ಕಲೆ ಕಂಡರೆ ಅದು ಬರೀ ಬಂಡೆಯೋ ಹುಲ್ಲುಗಾವಲೋ ಆಗಿರುತ್ತದೆ. ಸಾಧ್ಯವಾದರೆ ಬೇರೆ ಬೇರೆ ಕಾಲದಲ್ಲಿ ತೆಗೆದ ಚಿತ್ರಗಳನ್ನು ಹೋಲಿಸಿ. ಎಲೆ ಉದುರಿದ ಮರಗಳ ಗುಂಪು ಕೂಡ ಬೋಳು ಜಾಗದ ಹಾಗೆ ಕಾಣುತ್ತದೆ. ಎರಡನೆಯದು ಕಂಟೂರ್ ಗೆರೆಗಳು, ಅಂದರೆ ಮ್ಯಾಪ್‌ನಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸಿ ಎಳೆದ ಗೆರೆಗಳು. ನೆತ್ತಿಯ ಒಂದು ಪಕ್ಕದಲ್ಲಿ ಗೆರೆಗಳು ಒತ್ತೊತ್ತಾಗಿ ಬಂದು, ಅಂಚಿನಲ್ಲಿ ತಟ್ಟನೆ ಅಗಲವಾದರೆ ಅಲ್ಲಿ ಕಡಿದಾದ ಇಳುಕಲಿದೆ ಎಂದರ್ಥ. ಅಂಥ ಕಡೆ ಕೆಳಗಿನ ಮರಗಳ ತುದಿ ನಮ್ಮ ಕಣ್ಣಿಗಿಂತ ತಗ್ಗಿನಲ್ಲಿರುತ್ತದೆ, ನೋಟ ತೆರೆದುಕೊಳ್ಳುತ್ತದೆ. ಎರಡೂ ಒಂದೇ ಕಡೆ ಸಿಕ್ಕರೆ ಆ ಜಾಗಕ್ಕೆ ಹೋಗುವ ಯೋಚನೆ ಮಾಡಬಹುದು.

ಆ ಅಂಚು ಯಾವ ದಿಕ್ಕಿಗೆ ಮುಖ ಮಾಡಿದೆ ಅಂತಲೂ ನೋಡಿ. ಪೂರ್ವಕ್ಕೆ ತೆರೆದ ಅಂಚಿನಲ್ಲಿ ಬೆಳಗ್ಗೆ ಸೂರ್ಯ ಎದುರಿಗೇ ಇರುತ್ತಾನೆ, ದೂರದ ಬೆಟ್ಟಗಳು ಬಿಳಿಚಿಕೊಳ್ಳುತ್ತವೆ. ಬೆಟ್ಟಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ಸಾಮಾನ್ಯ, ಹಾಗಾಗಿ ಬೇಗ ಹೊರಡುವುದೇ ಒಳ್ಳೆಯದು.

ಕಂಟೂರ್ ಗೆರೆ ಓದುವುದು ಕಷ್ಟವಾ?

ಮೂರು ಸಂಗತಿ ತಿಳಿದರೆ ಅರ್ಧ ಕೆಲಸ ಮುಗಿಯಿತು. ಗೆರೆಗಳು ಹತ್ತಿರವಿದ್ದರೆ ಕಡಿದು, ದೂರವಿದ್ದರೆ ಸಲೀಸು. ಗೆರೆ ಮೊನಚಾಗಿ ಮೇಲ್ಗಡೆಗೆ, ಅಂದರೆ ಎತ್ತರದ ಕಡೆಗೆ ಬಾಗಿದ್ದರೆ ಅದು ಕಣಿವೆ. ಕೆಳಗಡೆಗೆ ಬಾಗಿದ್ದರೆ ಅದು ಏಣು, ಎರಡೂ ಪಕ್ಕ ಇಳಿಜಾರಿರುವ ಬೆಟ್ಟದ ಬೆನ್ನು. ಸಣ್ಣ ಬಳೆಯ ಹಾಗೆ ಮುಚ್ಚಿಕೊಂಡ ಗೆರೆ ನೆತ್ತಿ.

ಇದನ್ನು ಕೂತು ಓದುವುದಕ್ಕಿಂತ ಒಂದು ಕೆಲಸ ಮಾಡಿ. ಮ್ಯಾಪ್ ಮೇಲೆ ಎಲ್ಲ ಹಳ್ಳಗಳಿಗೆ ನೀಲಿ ಪೆನ್ನಿನಲ್ಲಿ, ಎಲ್ಲ ಏಣುಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ಕಾಲು ಗಂಟೆ ಸಾಕು. ಬೆಟ್ಟದ ಎಲುಬಿನ ಗೂಡು ಕಣ್ಣೆದುರು ಬರುತ್ತದೆ. ಯಾವ ಕೆಂಪು ಗೆರೆ ಮುರಿಯದೆ ನೆತ್ತಿವರೆಗೆ ಹೋಗುತ್ತದೋ ಅದನ್ನು ಮೊದಲು ಪರಿಶೀಲಿಸಿ.

ಅಳತೆಯನ್ನೂ ಮರೆಯಬೇಡಿ. 1:50,000 ಮ್ಯಾಪ್‌ನಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. 1:25,000ರಲ್ಲಿ ಅದೇ 1 ಕಿ.ಮೀ.ಗೆ 4 ಸೆಂ.ಮೀ. ಕಾಡಿನಲ್ಲಿ ದಾರಿ ಹುಡುಕಲು ಎರಡನೆಯದು ಸಿಕ್ಕರೆ ಬಿಡಬೇಡಿ.

ಫೋನ್ ಆ್ಯಪ್‌ನಲ್ಲಿರುವ ಮ್ಯಾಪ್ ನಂಬಬಹುದಾ?

ದೊಡ್ಡ ಆಕಾರಕ್ಕೆ ನಂಬಬಹುದು. ಸಣ್ಣ ವಿವರಕ್ಕೆ ನಂಬಬೇಡಿ. ಇದಕ್ಕೆ ಕಾರಣ ತಿಳಿದಿರಲಿ. ಉಚಿತವಾಗಿ ಸಿಗುವ ಅನೇಕ ಮ್ಯಾಪ್‌ಗಳ ಕಂಟೂರ್ ಗೆರೆಗಳು 2000ನೇ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ಗಗನನೌಕೆಯಿಂದ ರೇಡಾರ್ ಮೂಲಕ ಮಾಡಿದ ಅಳತೆಯಿಂದ ಬಂದವು. ಆ ಅಳತೆ ಸುಮಾರು 30 ಮೀಟರ್ ಅಂತರದ ಚೌಕಗಳಲ್ಲಿದೆ. ದಟ್ಟ ಕಾಡಿನಲ್ಲಿ ರೇಡಾರ್ ಅಲೆ ನೆಲದವರೆಗೆ ಪೂರ್ತಿ ಇಳಿಯುವುದಿಲ್ಲ, ಮರಗಳ ಮೇಲ್ಭಾಗದಿಂದಲೇ ಬಹುಪಾಲು ವಾಪಸ್ ಬರುತ್ತದೆ. ಹಾಗಾಗಿ ಮ್ಯಾಪ್‌ನಲ್ಲಿ ಬೆಟ್ಟ ಇರುವುದಕ್ಕಿಂತ ನುಣುಪಾಗಿ ಕಾಣುತ್ತದೆ. ಸಣ್ಣ ಕೊರಕಲು, ಸಣ್ಣ ಬಂಡೆಗೋಡೆ ಅಳಿಸಿಹೋಗಿರುತ್ತವೆ.

ಒಳ್ಳೆಯ ಕಾಗದದ ಮ್ಯಾಪ್‌ಗೂ ಮಿತಿ ಇದೆ. ಎರಡು ಗೆರೆಗಳ ನಡುವೆ 20 ಮೀಟರ್ ಎತ್ತರದ ವ್ಯತ್ಯಾಸ ಇದ್ದರೆ, 15 ಮೀಟರಿನ ಒಂದು ಪ್ರಪಾತ ಆ ಎರಡರ ನಡುವೆ ಸುಮ್ನೆ ಅಡಗಿ ಕೂತಿರಬಹುದು. ಹಗ್ಗ ಇಲ್ಲದೆ ಇಳಿಯಲಾಗದ ಗೋಡೆ ಅದು. ಮ್ಯಾಪ್ ಮಾತ್ರ ಅಲ್ಲಿ ಸಾಧಾರಣ ಇಳಿಜಾರು ಅನ್ನುತ್ತಿರುತ್ತದೆ. ಲೈಡಾರ್ ಅನ್ನುವ ಲೇಸರ್ ಅಳತೆಯಿಂದ ಮಾಡಿದ ಮ್ಯಾಪ್ ಸಿಕ್ಕರೆ ಅದೃಷ್ಟ. ಅದು ಎಲೆಗಳ ಸಂದಿಯಲ್ಲಿ ನುಗ್ಗಿ ನೆಲವನ್ನೇ ಅಳೆದಿರುತ್ತದೆ.

ಏಣು ಹಿಡಿದು ಹತ್ತಬೇಕಾ, ಹಳ್ಳ ಹಿಡಿದು ಹತ್ತಬೇಕಾ?

ಆಯ್ಕೆ ಇದ್ದರೆ ಏಣು. ಏಣಿನ ಮೇಲೆ ನೀರು ನಿಲ್ಲುವುದಿಲ್ಲ, ಮಣ್ಣು ತೆಳು, ಗಾಳಿ ಜಾಸ್ತಿ. ಹಾಗಾಗಿ ಕೆಳಪೊದೆ ಸಾಮಾನ್ಯವಾಗಿ ಕಡಿಮೆ. ಎರಡೂ ಪಕ್ಕ ನೆಲ ಇಳಿಯುವುದು ಕಾಲಿಗೇ ಗೊತ್ತಾಗುತ್ತದೆ. ಕಣ್ಣಿಗೆ ಏನೂ ಕಾಣದಿದ್ದರೂ ದಾರಿ ಹಿಡಿದಿರಲು ಅದೇ ಸಾಕು.

ಹಳ್ಳದಲ್ಲಿ ಹಾಗಲ್ಲ. ತೇವ ಇರುವ ಕಡೆ ಬಳ್ಳಿ, ಮುಳ್ಳು, ಬಿದ್ದ ಮರ ಎಲ್ಲ ಒಟ್ಟಾಗಿರುತ್ತವೆ. ಪಾಚಿ ಹಿಡಿದ ಕಲ್ಲು ಜಾರುತ್ತದೆ. ಮೇಲೆ ಹೋದಂತೆ ಗೋಡೆಗಳು ಹತ್ತಿರ ಬಂದು, ಕೊನೆಗೆ ಜಲಪಾತದ ಬುಡದಲ್ಲಿ ನಿಲ್ಲಬೇಕಾಗಬಹುದು. ಮಳೆ ಬಂದರೆ ಅಪಾಯ ಬೇರೆ.

ಒಂದು ಅಪವಾದ ಹೇಳಬೇಕು. ಏಣಿನ ಬುಡ ಕೆಲವೊಮ್ಮೆ ತೀರಾ ಕಡಿದಾಗಿ ಹಳ್ಳಕ್ಕೆ ಬಿದ್ದಿರುತ್ತದೆ. ಆಗ ಹಳ್ಳದ ಪಕ್ಕದಲ್ಲೇ ಸ್ವಲ್ಪ ದೂರ ಹೋಗಿ, ಗೆರೆಗಳು ಸಡಿಲವಾದ ಕಡೆ ಅಡ್ಡಲಾಗಿ ಏಣಿಗೆ ಏರಬೇಕು. ಈ ಏರುವ ಜಾಗವನ್ನು ಮನೆಯಲ್ಲೇ ಮ್ಯಾಪ್ ಮೇಲೆ ಗುರುತಿಸಿಕೊಂಡಿರಿ.

ಪೊದೆ ದಟ್ಟವಾಗಿ ಹೆಜ್ಜೆ ಇಡಲು ಆಗದಿದ್ದರೆ?

ನುಗ್ಗುವುದು ನಿಲ್ಲಿಸಿ, ಮೇಲೆ ನೋಡಿ. ಆಕಾಶ ಜಾಸ್ತಿ ಕಾಣುತ್ತಿದೆಯಾ? ಹಾಗಿದ್ದರೆ ನೀವು ಬೆಳಕು ಬೀಳುವ ಜಾಗದಲ್ಲಿ ಸಿಕ್ಕಿಕೊಂಡಿದ್ದೀರಿ. ದೊಡ್ಡ ಮರ ಬಿದ್ದ ಜಾಗ, ಹಿಂದೆ ಬೆಂಕಿ ಬಿದ್ದ ಜಾಗ, ಮರ ಕಡಿದು ಮತ್ತೆ ಬೆಳೆದ ಜಾಗ, ಕಾಡಿನ ಅಂಚು, ಇವೆಲ್ಲ ಪೊದೆಯ ನೆಲೆಗಳು. ಹಳೆಯ, ಎತ್ತರದ ಮರಗಳ ಕೆಳಗೆ ನೆರಳು ಜಾಸ್ತಿ, ಅಲ್ಲಿ ನೆಲ ತೆರೆದಿರುತ್ತದೆ. ಹಾಗಾಗಿ ಕತ್ತಲು ಕಾಣುವ ಕಡೆಗೆ ತಿರುಗಿ. 30 ಮೀಟರ್ ಸುತ್ತು ಹಾಕಿದರೆ ಅರ್ಧ ಗಂಟೆಯ ಗುದ್ದಾಟ ಉಳಿಯಬಹುದು.

ಉದ್ದ ತೋಳಿನ ಅಂಗಿ, ಗಟ್ಟಿ ಪ್ಯಾಂಟ್, ಕೈಗವಸು, ಕಣ್ಣಿಗೆ ಬಣ್ಣವಿಲ್ಲದ ಕನ್ನಡಕ ಇರಲಿ. ಮುಂದಿನವರು ಬಿಟ್ಟ ಕೊಂಬೆ ಹಿಂದಿನವರ ಕಣ್ಣಿಗೆ ಬಡಿಯುವುದು ಇಲ್ಲಿ ತೀರಾ ಸಾಮಾನ್ಯ. ಬ್ಯಾಗ್‌ನ ಹೊರಗೆ ನೇತಾಡುವ ಬಾಟಲಿ, ಕೋಲು, ಚಾಪೆ ಯಾವುದೂ ಬೇಡ. ಪೊದೆ ಅವನ್ನು ಕಿತ್ತುಕೊಳ್ಳುತ್ತದೆ.

ನೇರವಾಗಿ ನಡೆಯುವುದಕ್ಕೆ ದಿಕ್ಸೂಚಿ ಬೇಕಾ? ಅಂದಾಜಿನಲ್ಲಿ ಹೋಗಲು ಆಗಲ್ವಾ?

ಆಗುವುದಿಲ್ಲ, ಯಾರಿಗೂ. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಇದನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಸಮತಟ್ಟಾದ ದೊಡ್ಡ ಕಾಡಿನಲ್ಲಿ ಜನರನ್ನು ಬಿಟ್ಟು, ನೇರವಾಗಿ ನಡೆಯಿರಿ ಎಂದರು. ಅವರ ನಡಿಗೆಯನ್ನು ಜಿಪಿಎಸ್‌ನಲ್ಲಿ ದಾಖಲಿಸಿದರು. ಸೂರ್ಯ ಕಾಣುತ್ತಿದ್ದಾಗ ನಡೆದವರು ಹೆಚ್ಚುಕಡಿಮೆ ನೇರ ಹೋದರು. ಮೋಡ ಕವಿದಾಗ ನಡೆದವರು ಸುತ್ತು ಹೊಡೆದರು, ತಾವು ಆಗಲೇ ನಡೆದ ದಾರಿಯನ್ನು ಗೊತ್ತೇ ಆಗದೆ ದಾಟಿದವರೂ ಇದ್ದರು. ಒಂದು ಕಾಲು ಉದ್ದ ಅಂತ ಹಾಗಾಗುತ್ತದೆ ಅನ್ನುವ ಹಳೆಯ ಮಾತಿಗೂ ಆಧಾರ ಸಿಗಲಿಲ್ಲ. ಒಬ್ಬರೇ ಒಮ್ಮೆ ಎಡಕ್ಕೆ, ಇನ್ನೊಮ್ಮೆ ಬಲಕ್ಕೆ ವಾಲುತ್ತಿದ್ದರು.

ದಿಕ್ಸೂಚಿ ಹಿಡಿದು ನಡೆಯುವ ಕ್ರಮ ಹೀಗೆ. ಹೋಗಬೇಕಾದ ದಿಕ್ಕಿನ ಕೋನವನ್ನು ಮ್ಯಾಪ್‌ನಿಂದ ತೆಗೆದುಕೊಳ್ಳಿ. ದಿಕ್ಸೂಚಿಯನ್ನು ಎದೆಮಟ್ಟದಲ್ಲಿ ಹಿಡಿದು ಆ ಗೆರೆಯ ಮೇಲೆ ಬರುವ, ಕಣ್ಣಿಗೆ ಕಾಣುವಷ್ಟು ದೂರದ ಒಂದು ಮರ ಆರಿಸಿ. ಬೇರೆ ಮರಗಳಿಗಿಂತ ಭಿನ್ನವಾಗಿರಲಿ: ಎರಡು ಕವಲಿನದು, ಒಣಗಿದ್ದು, ತೊಗಟೆ ಸುಲಿದದ್ದು. ಈಗ ದಿಕ್ಸೂಚಿ ಮರೆತು, ಸಲೀಸಾದ ದಾರಿಯಲ್ಲಿ ಆ ಮರ ತಲುಪಿ. ಅಲ್ಲಿ ನಿಂತು ಮತ್ತೊಂದು ಮರ. ಇಬ್ಬರಿದ್ದರೆ ಒಬ್ಬರು ನಿಂತು ದಿಕ್ಕು ಹೇಳಬಹುದು, ಇನ್ನೊಬ್ಬರು ಮುಂದೆ ಹೋಗಿ ಮರದ ಬದಲು ತಾವೇ ಗುರುತಾಗಿ ನಿಲ್ಲಬಹುದು.

ಮ್ಯಾಪ್‌ನ ಉತ್ತರಕ್ಕೂ ಸೂಜಿಯ ಉತ್ತರಕ್ಕೂ ವ್ಯತ್ಯಾಸ ಇರುತ್ತದೆ. ಕೆಲವು ಕಡೆ ಅದು ಲೆಕ್ಕಕ್ಕೆ ಬಾರದಷ್ಟು ಸಣ್ಣದು, ಕೆಲವು ಕಡೆ 10 ಡಿಗ್ರಿಗಿಂತ ಜಾಸ್ತಿ. ಅದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹಾಗಾಗಿ ಹಳೆಯ ಮ್ಯಾಪ್‌ನ ಮೂಲೆಯಲ್ಲಿ ಬರೆದಿರುವ ಅಂಕಿಯನ್ನೇ ನೆಚ್ಚಬೇಡಿ. 1 ಡಿಗ್ರಿ ತಪ್ಪಿದರೆ 1 ಕಿ.ಮೀ. ನಡೆಯುವಷ್ಟರಲ್ಲಿ ಸುಮಾರು 17 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. 10 ಡಿಗ್ರಿಗೆ ಅದು ಸುಮಾರು 175 ಮೀಟರ್. ಇನ್ನೊಂದು ಮಾತು: ಅಯಸ್ಕಾಂತದ ಕ್ಲಿಪ್ ಇರುವ ಫೋನ್ ಕವರ್ ದಿಕ್ಸೂಚಿಯ ಹತ್ತಿರ ಬೇಡ.

ದಿಕ್ಸೂಚಿ ಹಿಡಿದರೂ ಸ್ವಲ್ಪ ಪಕ್ಕಕ್ಕೆ ಸರಿಯುತ್ತೇವಲ್ವಾ? ಕಾರು ನಿಲ್ಲಿಸಿದ ಜಾಗಕ್ಕೆ ಸರಿಯಾಗಿ ಬರುವುದು ಹೇಗೆ?

ಬೇಕಂತಲೇ ಒಂದು ಪಕ್ಕಕ್ಕೆ ಗುರಿ ಇಡಿ. ಕಾರು ರಸ್ತೆಯ ಬದಿಯಲ್ಲಿದೆ ಅಂದುಕೊಳ್ಳಿ. ಸೀದಾ ಕಾರಿಗೇ ಗುರಿಯಿಟ್ಟು ಬಂದು ರಸ್ತೆ ತಲುಪಿದಾಗ ಕಾರು ಕಾಣದಿದ್ದರೆ, ಎಡಕ್ಕೆ ಹೋಗಬೇಕಾ ಬಲಕ್ಕೆ ಹೋಗಬೇಕಾ ತಿಳಿಯುವುದಿಲ್ಲ. ಮೊದಲೇ 200 ಮೀಟರ್ ಎಡಕ್ಕೆ ಗುರಿ ಇಟ್ಟಿದ್ದರೆ, ರಸ್ತೆ ಸಿಕ್ಕ ಕೂಡಲೇ ಬಲಕ್ಕೆ ತಿರುಗಿದರಾಯಿತು.

ಇದರ ಜೊತೆಗೆ ಎರಡು ರೀತಿಯ ಗುರುತುಗಳನ್ನು ಮ್ಯಾಪ್ ಮೇಲೆ ಹುಡುಕಿಕೊಳ್ಳಿ. ಒಂದು, ಜೊತೆಜೊತೆಗೆ ಬರುವ ಗುರುತು: ಏಣು, ಹಳ್ಳ, ಹಳೆಯ ಬೇಲಿ, ಕಾಡಿನ ಅಂಚು. ಇನ್ನೊಂದು, ಅಡ್ಡ ಬರುವ ಗುರುತು: ಅದು ಸಿಕ್ಕಿತು ಅಂದರೆ ಗುರಿ ದಾಟಿ ಮುಂದೆ ಬಂದಿದ್ದೀರಿ ಎಂದರ್ಥ. ಪ್ರತಿ ತುಂಡು ದಾರಿಗೂ ಈ ಎರಡರಲ್ಲಿ ಒಂದಾದರೂ ಇರುವಂತೆ ದಾರಿ ಹಾಕಿಕೊಂಡರೆ, ಪಕ್ಕಕ್ಕೆ ಸರಿದರೂ ಭಯವಿಲ್ಲ.

ಫೋನ್‌ನಲ್ಲಿ ಜಿಪಿಎಸ್ ಇದೆ. ಇಷ್ಟೆಲ್ಲ ಯಾಕೆ?

ಜಿಪಿಎಸ್ ಒಯ್ಯಿರಿ, ಖಂಡಿತ. ಅದು ಒಳ್ಳೆಯ ಸಾಧನ. ಸಿಗ್ನಲ್ ಇಲ್ಲದ ಕಡೆಯೂ ಕೆಲಸ ಮಾಡುತ್ತದೆ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿರಬೇಕು ಅಷ್ಟೇ. ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನ್ ಸುಮಾರು 5 ಮೀಟರ್ ಒಳಗೆ ಜಾಗ ಹೇಳುತ್ತದೆ. ದಟ್ಟ ಮರಗಳ ಕೆಳಗೆ, ಕಡಿದಾದ ಕಣಿವೆಯಲ್ಲಿ ಆ ನಿಖರತೆ ಕೆಡುತ್ತದೆ. ನೀವು ನಿಂತಲ್ಲೇ ನಿಂತಿದ್ದರೂ ಪರದೆ ಮೇಲಿನ ಚುಕ್ಕಿ ಅತ್ತಿತ್ತ ಓಡಾಡುವುದು ನೋಡಬಹುದು.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಜಿಪಿಎಸ್‌ಗೆ ನೀವು ಎಲ್ಲಿದ್ದೀರಿ ಗೊತ್ತು. ಮುಂದೆ ಬಂಡೆಗೋಡೆ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಗುರಿಯ ಕಡೆಗೆ ನೇರ ಬಾಣ ತೋರಿಸುತ್ತದೆ, ಆ ಬಾಣ ಪ್ರಪಾತದ ಮೇಲೆಯೇ ಹಾದುಹೋಗಬಹುದು. ಪರದೆ ನೋಡುತ್ತ ನಡೆಯುವವರು ಕಾಡನ್ನು ನೋಡುವುದಿಲ್ಲ, ವಾಪಸ್ ಬರುವಾಗ ಬ್ಯಾಟರಿ ಸತ್ತರೆ ನೆನಪಿಗೆ ಒಂದು ಮರವೂ ಬರುವುದಿಲ್ಲ.

ನನ್ನ ಪದ್ಧತಿ ಇದು: ಫೋನ್ ಏರೋಪ್ಲೇನ್ ಮೋಡ್‌ನಲ್ಲಿ, ನಡೆದ ದಾರಿ ದಾಖಲಾಗುತ್ತಿರುತ್ತದೆ, ಫೋನ್ ಜೇಬಿನಲ್ಲಿರುತ್ತದೆ. ನಾನು ಎಲ್ಲಿದ್ದೇನೆ ಅಂತ ಮೊದಲು ಕಾಗದದ ಮ್ಯಾಪ್ ನೋಡಿ ಊಹಿಸುತ್ತೇನೆ, ಆಮೇಲೆ ಫೋನ್ ತೆಗೆದು ಸರಿಯಾ ನೋಡುತ್ತೇನೆ. ಪವರ್ ಬ್ಯಾಂಕ್ ಕಡ್ಡಾಯ. ಚಳಿ ಇದ್ದರೆ ಎರಡನ್ನೂ ಮೈಗೆ ಹತ್ತಿರ ಇಟ್ಟುಕೊಳ್ಳಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ಪ್ರಾಣಿಗಳು ಓಡಾಡಿದ ಜಾಡು ಹಿಡಿಯಬಹುದಾ?

ನಿಮ್ಮ ದಿಕ್ಕಿಗೆ ಹೋಗುವಷ್ಟು ದೂರ ಹಿಡಿಯಿರಿ, ತಿರುಗಿದ ಕೂಡಲೇ ಬಿಡಿ. ಪ್ರಾಣಿಗಳು ಏರಿಳಿತ ಕಡಿಮೆ ಇರುವ ಕಡೆ ನಡೆಯುತ್ತವೆ, ಏಣುಗಳ ನಡುವಿನ ತಗ್ಗನ್ನು ಚೆನ್ನಾಗಿ ಬಲ್ಲವು. ಆದರೆ ಅವಕ್ಕೆ ಬೇಕಿರುವುದು ನೀರು, ಮೇವು, ಮರೆ. ನೆತ್ತಿಯ ನೋಟ ಅಲ್ಲ. ಜಾಡು ಕಾಲಿಗೆ ಹಿತವಾಗಿರುವುದರಿಂದ ದಿಕ್ಕು ಬದಲಾದದ್ದು ಗೊತ್ತಾಗುವುದೇ ಇಲ್ಲ, ಆಗಾಗ ದಿಕ್ಸೂಚಿ ನೋಡುತ್ತಿರಿ. ಹಸಿ ಲದ್ದಿ, ಹೊಸ ಹೆಜ್ಜೆ ಗುರುತು ಕಂಡರೆ ಆ ಜಾಡು ಅವುಗಳಿಗೇ ಬಿಟ್ಟುಬಿಡಿ.

ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಹೇಗೆ ಲೆಕ್ಕ ಹಾಕುವುದು?

1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಲೆಕ್ಕ ಕೊಟ್ಟರು. ಇವತ್ತಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿ.ಮೀ.ಗೆ 1 ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 6 ಕಿ.ಮೀ. ದೂರ, 600 ಮೀಟರ್ ಏರು ಇದ್ದರೆ ಸುಮಾರು 2 ಗಂಟೆ 12 ನಿಮಿಷ. ಇದು ಒಳ್ಳೆಯ ನೆಲದ ಮೇಲೆ, ನಿಲ್ಲದೆ ನಡೆಯುವವರಿಗೆ. ದಾರಿಯಿಲ್ಲದ ಕಾಡಿಗೆ ನಾನು ಇದನ್ನು ದುಪ್ಪಟ್ಟು ಮಾಡಿ ಶುರು ಮಾಡುತ್ತೇನೆ, ಪೊದೆ ದಟ್ಟ ಅಂತ ಗೊತ್ತಿದ್ದರೆ ಮೂರು ಪಟ್ಟು. ಗಂಟೆಗೆ 1 ಕಿ.ಮೀ. ಆಗುವುದೂ ಇಲ್ಲಿ ಅಪರೂಪವಲ್ಲ.

ಇಳಿಯುವುದು ಬೇಗ ಆಗುತ್ತದೆ ಅಂತ ಅಂದುಕೊಳ್ಳಬೇಡಿ. ಇಲ್ಲಿ ಇಳಿಯಲು ಹತ್ತಿದಷ್ಟೇ ಹೊತ್ತು ಬೇಕು. ಹಾಗಾಗಿ ಹೊರಡುವ ಮೊದಲೇ ತಿರುಗಿ ಬರುವ ಸಮಯ ನಿಗದಿ ಮಾಡಿ, ಎಲ್ಲರಿಗೂ ಹೇಳಿ. ಬೆಳಗ್ಗೆ 6ಕ್ಕೆ ಹೊರಟು ಸಂಜೆ 6ಕ್ಕೆ ಕತ್ತಲಾಗುವುದಾದರೆ, ಮಧ್ಯಾಹ್ನ 11:30ಕ್ಕೆ ಎಲ್ಲಿದ್ದರೂ ತಿರುಗಿ. ನೆತ್ತಿ ಕಣ್ಣೆದುರಿಗೇ ಇದ್ದರೂ ತಿರುಗಿ. ಅಂಥ ನೆತ್ತಿ ಬಹಳ ಸಲ ಸುಳ್ಳು ನೆತ್ತಿಯಾಗಿರುತ್ತದೆ: ಕೆಳಗೆ ಕಡಿದಾಗಿ ಮೇಲೆ ಅಗಲವಾಗುವ ಬೆಟ್ಟದಲ್ಲಿ ನಿಜವಾದ ನೆತ್ತಿ ಹಿಂದೆ ಅಡಗಿರುತ್ತದೆ.

ಸೂರ್ಯ ಮುಳುಗಲು ಎಷ್ಟು ಹೊತ್ತಿದೆ ಅಂತ ನೋಡಲು ಕೈ ಚಾಚಿ, ದಿಗಂತಕ್ಕೂ ಸೂರ್ಯನಿಗೂ ನಡುವೆ ಬೆರಳುಗಳನ್ನು ಅಡ್ಡವಾಗಿ ಇಟ್ಟು ಎಣಿಸಿ. ಒಂದು ಬೆರಳಿಗೆ ಸುಮಾರು 15 ನಿಮಿಷ. ಮರಗಳ ಕೆಳಗೆ ಕತ್ತಲು ಅದಕ್ಕಿಂತ ಬೇಗ ಆಗುತ್ತದೆ ಅನ್ನುವುದನ್ನು ಸೇರಿಸಿಕೊಳ್ಳಿ.

ಹತ್ತುವಾಗ ಸರಿಯಾಗಿಯೇ ಹೋಗುತ್ತೇವೆ, ಇಳಿಯುವಾಗ ಯಾಕೆ ದಾರಿ ತಪ್ಪುತ್ತದೆ?

ಈ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಹತ್ತುವಾಗ ಬೆಟ್ಟದ ಏಣುಗಳೆಲ್ಲ ಒಂದೇ ಕಡೆ ಸೇರುತ್ತವೆ. ಯಾವುದನ್ನು ಹಿಡಿದರೂ, ಮೇಲೆ ಮೇಲೆ ಹೋಗುತ್ತಿದ್ದರೆ ಕೊನೆಗೆ ನೆತ್ತಿ. ಪಕ್ಕದ ಏಣಿನಿಂದ ಬಂದು ಸೇರಿದ್ದು ನಿಮ್ಮ ಗಮನಕ್ಕೇ ಬಂದಿರುವುದಿಲ್ಲ. ಇಳಿಯುವಾಗ ಅದೇ ಸೇರುವ ಜಾಗಗಳೆಲ್ಲ ಕವಲುಗಳಾಗುತ್ತವೆ. ಪ್ರತಿ ಕವಲಿನಲ್ಲೂ ಒಂದು ಆಯ್ಕೆ ಮಾಡಲೇಬೇಕು. 30 ಡಿಗ್ರಿ ಕೋನದಲ್ಲಿ ಒಡೆದ ಎರಡು ಏಣುಗಳ ಮೇಲೆ ಇಬ್ಬರು 2 ಕಿ.ಮೀ. ಇಳಿದರೆ, ಅವರ ನಡುವಿನ ದೂರ ಸುಮಾರು 1 ಕಿ.ಮೀ. ಆಗಿರುತ್ತದೆ, ನಡುವೆ ಒಂದು ಪೂರ್ತಿ ಕಣಿವೆ.

ಕವಲಿನ ಜಾಗದಲ್ಲಿ ಏನೂ ವಿಶೇಷ ಕಾಣುವುದಿಲ್ಲ. ಅದೇ ಇದರ ತೊಡಕು. ಒಮ್ಮೆ ಗೆಳತಿಯೊಬ್ಬಳ ಜೊತೆ ಮಂಜಿನಲ್ಲಿ ಇಳಿಯುತ್ತಿದ್ದೆ. ಏಣಿನ ಬೆನ್ನು ಅಗಲವಾಗಿ, ಒಣಎಲೆ ಹಾಸಿಕೊಂಡು ಚಪ್ಪಟೆಯಾಯಿತು. ಎದುರಿಗೆ ನೆಲ ಸಲೀಸಾಗಿ ಇಳಿಯುತ್ತಿತ್ತು, ಮರಗಳೂ ಬಿಡಿಬಿಡಿಯಾಗಿದ್ದವು, ಕಾಲು ತಾನಾಗಿ ಆ ಕಡೆ ಹೋಗುತ್ತಿತ್ತು. ಬಲಗಡೆ ನೆಲ ಮೊದಲು ಒಂದಾಳೆತ್ತರ ಏರುತ್ತಿತ್ತು, ಆಚೆ ಏನಿದೆ ಕಾಣುತ್ತಿರಲಿಲ್ಲ. ಅವಳು ಬೆಳಗ್ಗೆ ಅಲ್ಲೇ ನಿಂತು ಫೋಟೋ ತೆಗೆದಿದ್ದಳು, ಹಿಂದಕ್ಕೆ ತಿರುಗಿ. ಫೋಟೋದಲ್ಲಿ ಬೇರು ಮೇಲಾಗಿ ಬಿದ್ದ ಒಂದು ಮರ, ಅದರ ಎಡಪಕ್ಕದಿಂದ ನಾವು ಬಂದದ್ದು. ಆ ಮರ ಬಲಗಡೆಯ ಏರಿನ ಮೇಲೆ ಮಂಜಿನಲ್ಲಿ ಮಸುಕಾಗಿ ಕಾಣುತ್ತಿತ್ತು. ದಿಕ್ಸೂಚಿಯೂ ಬಲಕ್ಕೇ ಹೇಳಿತು. ಆ ಸಣ್ಣ ಏರು ಹತ್ತಿ ಆಚೆ ಇಳಿದೆವು.

ಆ ಫೋಟೋದ ಅಭ್ಯಾಸವನ್ನೇ ಎಲ್ಲರಿಗೂ ಹೇಳುತ್ತೇನೆ. ಹತ್ತುವಾಗ ಏಣು ಇನ್ನೊಂದನ್ನು ಸೇರಿದ ಜಾಗ, ದಿಕ್ಕು ಬದಲಾದ ಜಾಗ, ಹಳ್ಳ ದಾಟಿದ ಜಾಗ ಬಂದಾಗಲೆಲ್ಲ ಪೂರ್ತಿ ಹಿಂದೆ ತಿರುಗಿ ನಿಲ್ಲಿ. ವಾಪಸ್ ಬರುವಾಗ ಇದೇ ಕಾಣುವುದು. ಫೋಟೋ ತೆಗೆಯಿರಿ, ಜಿಪಿಎಸ್‌ನಲ್ಲಿ ಗುರುತು ಹಾಕಿ, ಇಲ್ಲಿಂದ ಇಳಿಯುವ ದಿಕ್ಕಿನ ಕೋನ ಬರೆದುಕೊಳ್ಳಿ. ಹತ್ತಿದ ಕೋನಕ್ಕೆ 180 ಕೂಡಿಸಿದರೆ, ಅಥವಾ 180ಕ್ಕಿಂತ ಜಾಸ್ತಿ ಇದ್ದರೆ ಕಳೆದರೆ, ಅದು ಸಿಗುತ್ತದೆ.

ನೆತ್ತಿಯಿಂದ ಹೊರಡುವ ಮೊದಲ 100 ಮೀಟರ್ ಅತ್ಯಂತ ನಿಧಾನವಾಗಿ ಹೋಗಿ. ಊಟ ಮುಗಿದಿರುತ್ತದೆ, ಮನಸ್ಸು ಹಗುರಾಗಿರುತ್ತದೆ, ಮಾತು ಜೋರಾಗಿರುತ್ತದೆ. ನೆತ್ತಿಯಲ್ಲಿ ಸುತ್ತಾಡಿ ಫೋಟೋ ತೆಗೆದ ಮೇಲೆ ಯಾವ ಕಡೆಯಿಂದ ಬಂದೆವು ಅನ್ನುವುದೇ ಕಲಸಿಹೋಗಿರುತ್ತದೆ. ಹಾಗಾಗಿ ಬ್ಯಾಗ್‌ಗಳನ್ನು ಹತ್ತಿ ಬಂದ ಕಡೆಯಲ್ಲೇ ಇಡಿ, ಹೊರಡುವಾಗ ದಿಕ್ಸೂಚಿ ಕೈಯಲ್ಲಿರಲಿ.

ಸರಿಯಾದ ಏಣಿನಲ್ಲೇ ಇದ್ದೇನಾ ಅಂತ ನಡುವೆ ಪರೀಕ್ಷೆ ಮಾಡುವುದು ಹೇಗೆ?

ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ ನೋಡಿ. ಸೀದಾ ಕೆಳಗೆ ಮುಖ ಮಾಡಿ ನಿಂತು ದಿಕ್ಸೂಚಿ ಓದಿ. ಮ್ಯಾಪ್ ಪ್ರಕಾರ ನಿಮ್ಮ ಏಣು ನೈಋತ್ಯಕ್ಕೆ ಇಳಿಯಬೇಕು, ಕಾಲ ಕೆಳಗಿನದು ಪಶ್ಚಿಮಕ್ಕೆ ಇಳಿಯುತ್ತಿದೆ ಅಂದರೆ ನೀವು ಬೇರೆ ಕಡೆ ಇದ್ದೀರಿ. ಮಂಜಿನಲ್ಲೂ ಕತ್ತಲಲ್ಲೂ ಮಾಡಬಹುದಾದ ಪರೀಕ್ಷೆ ಇದು.

ಎತ್ತರ ತೋರಿಸುವ ವಾಚ್ ಇದ್ದರೆ ಇನ್ನೂ ಒಳ್ಳೆಯದು. ಏಣು ಯಾವುದು ಅಂತ ಗೊತ್ತು, ಎತ್ತರ 840 ಮೀಟರ್ ಅಂತ ಗೊತ್ತು, ಅಷ್ಟಾದರೆ ಮ್ಯಾಪ್ ಮೇಲೆ ನಿಮ್ಮ ಜಾಗ ಒಂದೇ. ಇಂಥ ವಾಚ್‌ಗಳು ಗಾಳಿಯ ಒತ್ತಡ ಅಳೆದು ಎತ್ತರ ಹೇಳುವುದರಿಂದ, ಹವೆ ಬದಲಾದರೆ ಅಂಕಿಯೂ ಬದಲಾಗುತ್ತದೆ. ಎತ್ತರ ಗೊತ್ತಿರುವ ಪ್ರತಿ ಜಾಗದಲ್ಲೂ ಸರಿ ಮಾಡಿಕೊಳ್ಳಿ.

ಮರದ ಪಾಚಿ ನೋಡಿ ದಿಕ್ಕು ತಿಳಿಯಬಹುದಂತೆ?

ನಂಬಬೇಡಿ. ಪಾಚಿ ತೇವ ಇರುವ ಕಡೆ ಬೆಳೆಯುತ್ತದೆ, ದಟ್ಟ ಕಾಡಿನಲ್ಲಿ ಸುತ್ತಲೂ ಬೆಳೆಯುತ್ತದೆ. ಸೂರ್ಯ ವಾಸಿ, ಆದರೆ ಮಧ್ಯಾಹ್ನ ಅವನು ಯಾವ ಕಡೆ ಇರುತ್ತಾನೆ ಅನ್ನುವುದು ನೀವು ಭೂಮಿಯ ಮೇಲೆ ಎಲ್ಲಿದ್ದೀರಿ, ಯಾವ ತಿಂಗಳು ಅನ್ನುವುದರ ಮೇಲೆ ಹೋಗುತ್ತದೆ. ಉಷ್ಣವಲಯದಲ್ಲಿ ಕೆಲವು ತಿಂಗಳು ನಡುಮಧ್ಯಾಹ್ನ ನೆರಳು ಕಾಲಡಿಗೇ ಬಂದಿರುತ್ತದೆ.

ಬಂಡೆಗೋಡೆ ಅಡ್ಡ ಬಂದರೆ?

ಹತ್ತುವಾಗ ಒಂದು ನಿಯಮ ಇಟ್ಟುಕೊಳ್ಳಿ: ಇಳಿಯಲು ಧೈರ್ಯ ಇಲ್ಲದ್ದನ್ನು ಹತ್ತಬೇಡಿ. ಬಂಡೆ ಹತ್ತುವಾಗ ಹಿಡಿ ಕಣ್ಣೆದುರು ಇರುತ್ತದೆ, ಇಳಿಯುವಾಗ ಕಾಲು ತಡಕಾಡಬೇಕು. ಇಳಿಯುವಾಗ ಅಂಚು ಎದುರಾದರೆ ಬೇರು ಹಿಡಿದು ಜಾರುವ ಯೋಚನೆ ಬೇಡವೇ ಬೇಡ. ಒಂದು ಹಂತ ಜಾರಿ ಇಳಿದು, ಮುಂದಿನದು ಇಳಿಯಲಾಗದೆ, ಹಿಂದಿನದು ಹತ್ತಲಾಗದೆ ನಡುವೆ ಸಿಕ್ಕಿಬೀಳುವುದು ಬೆಟ್ಟಗಳಲ್ಲಿ ಆಗುವ ಕೆಟ್ಟ ಅನಾಹುತಗಳಲ್ಲಿ ಒಂದು. ಮೇಲಕ್ಕೆ ವಾಪಸ್ ಹೋಗಿ, ಅಂಚಿನಿಂದ ದೂರವಿದ್ದು ಪಕ್ಕಕ್ಕೆ ಸರಿಯಿರಿ. ಎಷ್ಟು ಹೆಜ್ಜೆ ಸರಿದಿರಿ ಎಣಿಸಿಕೊಂಡರೆ, ಕೆಳಗೆ ಬಂದ ಮೇಲೆ ಅಷ್ಟೇ ಹೆಜ್ಜೆ ವಾಪಸ್ ಬಂದು ಹಳೆಯ ಗೆರೆ ಹಿಡಿಯಬಹುದು.

ದಾರಿ ತಪ್ಪಿದೆ ಅಂತ ಅನ್ನಿಸಿದರೆ ಮೊದಲು ಏನು ಮಾಡಬೇಕು?

ನಿಲ್ಲಿ. ಕೂತುಕೊಳ್ಳಿ, ನೀರು ಕುಡಿಯಿರಿ. ಗಾಬರಿಯಲ್ಲಿ ಜನ ವೇಗ ಹೆಚ್ಚಿಸುತ್ತಾರೆ, ಅದೂ ತಪ್ಪು ದಿಕ್ಕಿನಲ್ಲಿ. ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗ ಯಾವುದು, ಅಲ್ಲಿಂದ ಎಷ್ಟು ಹೊತ್ತು ನಡೆದಿರಿ ಅಂತ ನೆನಪು ಮಾಡಿಕೊಳ್ಳಿ. ಅರ್ಧ ಗಂಟೆಯಾಗಿದ್ದರೆ, ಆ ಜಾಗದ ಸುತ್ತ ಅರ್ಧ ಗಂಟೆಯ ನಡಿಗೆಯೊಳಗೇ ಎಲ್ಲೋ ಇದ್ದೀರಿ. ಮ್ಯಾಪ್‌ನಲ್ಲಿ ಅದು ಸಣ್ಣ ವೃತ್ತ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಲು ಆಗುವುದಾದರೆ, ಮೇಲಕ್ಕೆ ಹತ್ತಬೇಕಾಗಿ ಬಂದರೂ ಸರಿ, ಅದೇ ಮೊದಲ ಆಯ್ಕೆ.

ನೀರು ಹರಿಯುವ ಕಡೆ ಇಳಿದರೆ ಊರು ಸಿಗುತ್ತದೆ ಅನ್ನುವ ಮಾತು ತುಂಬ ಕೇಳಿಬರುತ್ತದೆ. ಕಡಿದಾದ ಬೆಟ್ಟದಲ್ಲಿ ಅದನ್ನು ಪಾಲಿಸಬೇಡಿ. ನೀರು ಜಲಪಾತದಿಂದಲೂ ಇಳಿಯುತ್ತದೆ. ಹಳ್ಳದ ಸದ್ದಿನಲ್ಲಿ ಹುಡುಕುವವರ ಕೂಗು ನಿಮಗೆ ಕೇಳುವುದಿಲ್ಲ, ನಿಮ್ಮದು ಅವರಿಗೂ ಕೇಳುವುದಿಲ್ಲ.

ಕತ್ತಲಾಗುತ್ತಿದ್ದರೆ, ಯಾರಿಗಾದರೂ ಪೆಟ್ಟಾಗಿದ್ದರೆ ಅಲ್ಲೇ ಉಳಿಯುವ ತಯಾರಿ ಮಾಡಿ: ಬೆಚ್ಚನೆಯ ಬಟ್ಟೆ, ನೆಲದ ಚಳಿ ತಡೆಯಲು ಕೆಳಗೆ ಒಣ ಎಲೆಯ ದಪ್ಪ ಹಾಸು, ಗಾಳಿಗೆ ಮರೆ. ಸೀಟಿ ಊದಿ. ಬೆಟ್ಟಗಳಲ್ಲಿ ಬಳಸುವ ಸಂಕೇತ ನಿಮಿಷಕ್ಕೆ 6 ಸಲ, ಆಮೇಲೆ 1 ನಿಮಿಷ ವಿರಾಮ, ಮತ್ತೆ 6 ಸಲ. ಉತ್ತರ ನಿಮಿಷಕ್ಕೆ 3 ಸಲ ಬರುತ್ತದೆ. ಕೆಲವು ದೇಶಗಳಲ್ಲಿ 3 ಸಲ ಊದುವುದೇ ಸಹಾಯದ ಕರೆ. ಮೊಬೈಲ್‌ನಿಂದ 112 ಅನೇಕ ದೇಶಗಳಲ್ಲಿ ಕೆಲಸ ಮಾಡುತ್ತದೆ. ಸಿಗ್ನಲ್ಲೇ ಇಲ್ಲದ ಕಡೆಗೆ ಆಗಾಗ ಹೋಗುವವರು, ಉಪಗ್ರಹದ ಮೂಲಕ 406 ಮೆಗಾಹರ್ಟ್ಸ್‌ನಲ್ಲಿ ತುರ್ತು ಸಂದೇಶ ಕಳಿಸುವ ಬೀಕನ್ ಇಟ್ಟುಕೊಳ್ಳುವುದು ಒಳ್ಳೆಯದು. ಮನೆಯವರಿಗೆ ಯಾವ ಏಣಿನಲ್ಲಿ ಹತ್ತಿ, ಯಾವುದರಲ್ಲಿ ಇಳಿಯುತ್ತೇವೆ, ಎಷ್ಟು ಗಂಟೆಯವರೆಗೆ ಕಾದು ಆಮೇಲೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಬರೆದುಕೊಟ್ಟು ಹೊರಡಿ.

ಎಷ್ಟು ಜನ ಹೋಗುವುದು ಒಳ್ಳೆಯದು?

ಮೂರು ಅಥವಾ ನಾಲ್ಕು. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿರಬಹುದು, ಉಳಿದವರು ಸಹಾಯಕ್ಕೆ ಹೋಗಬಹುದು. ಅದಕ್ಕಿಂತ ಜಾಸ್ತಿಯಾದರೆ ಕಾಡಿಗೂ ಭಾರ, ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದೂ ಕಷ್ಟ. ಹಿಂದಿನವರು ಕಾಣದಿದ್ದರೆ ಮುಂದಿನವರು ನಿಲ್ಲಬೇಕು. ಮ್ಯಾಪ್ ಹಿಡಿಯುವ ಕೆಲಸವನ್ನು ಆಗಾಗ ಬದಲಾಯಿಸಿ, ಎಲ್ಲರಿಗೂ ದಾರಿ ಗೊತ್ತಿರಲಿ.

ಮೆತ್ತನೆಯ ಗಿಡಗಳಿರುವ ನೆಲದಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯದೆ ಸ್ವಲ್ಪ ಹರಡಿಕೊಂಡು ನಡೆಯಿರಿ. ಒಂದೇ ಗೆರೆಯಲ್ಲಿ ತುಳಿದರೆ ಹೊಸ ಕಾಲುದಾರಿ ಹುಟ್ಟಿಬಿಡುತ್ತದೆ. ಬಂಡೆ, ಮರಳು, ಒಣಎಲೆ ಸಿಕ್ಕರೆ ಅದರ ಮೇಲೆ ಕಾಲಿಡಿ.

ವಾಪಸ್ ಬರಲು ಮರಕ್ಕೆ ಗುರುತು ಹಾಕಬಹುದಾ?

ತೊಗಟೆ ಕೆತ್ತುವುದು, ಬಣ್ಣ ಬಳಿಯುವುದು, ಕೊಂಬೆ ಮುರಿಯುವುದು ಬೇಡ. ತೊಗಟೆಯ ಗಾಯದಿಂದ ಮರಕ್ಕೆ ರೋಗ ಹತ್ತುತ್ತದೆ. ಗೊಂದಲದ ಕವಲಿನಲ್ಲಿ ಬಣ್ಣದ ಬಟ್ಟೆಯ ಪಟ್ಟಿ ಕಟ್ಟುವುದು ಸರಿ, ಆದರೆ ಕಟ್ಟಿದಷ್ಟನ್ನೂ ಎಣಿಸಿಕೊಂಡು, ಬರುವಾಗ ಬಿಚ್ಚಿಕೊಂಡು ಬನ್ನಿ. ಬೇರೆ ದಾರಿಯಲ್ಲಿ ಇಳಿಯುವ ಯೋಚನೆ ಇದ್ದರೆ ಕಟ್ಟಲೇಬೇಡಿ. ಬಿಟ್ಟುಬಂದ ಪಟ್ಟಿ ನೋಡಿ ಇನ್ಯಾರೋ ಅದನ್ನೇ ದಾರಿ ಅಂದುಕೊಂಡು ಹಿಂಬಾಲಿಸುತ್ತಾರೆ.

ನಾವು ನಡೆದ ಜಿಪಿಎಸ್ ದಾಖಲೆಯನ್ನು ಬೇರೆಯವರಿಗೆ ಕೊಡಬಹುದಾ?

ಕೇಳಿದ ಗೆಳೆಯರಿಗೆ ಕೊಡುವಾಗ ನಾನು ಗೆರೆ ಕೊಡುವುದಿಲ್ಲ, ಮಾಹಿತಿ ಕೊಡುತ್ತೇನೆ: ಯಾವ ಏಣು ಚೆನ್ನಾಗಿದೆ, ಎಷ್ಟು ಎತ್ತರದಲ್ಲಿ ಬಂಡೆ ಬರುತ್ತದೆ, ಎಲ್ಲಿ ಎಡಕ್ಕೆ ಸುತ್ತಬೇಕು, ನೀರು ಕೊನೆಗೆ ಎಲ್ಲಿ ಸಿಗುತ್ತದೆ. ಗೆರೆ ಕೊಟ್ಟರೆ ಅವರು ನನ್ನ ಹೆಜ್ಜೆಯ ಮೇಲೆಯೇ ಹೆಜ್ಜೆ ಇಡಲು ನೋಡುತ್ತಾರೆ. ಮರಗಳ ಕೆಳಗೆ ಆ ಗೆರೆಯೇ ಅತ್ತಿತ್ತ ಜಿಗಿದಿರುತ್ತದೆ. ಬಂಡೆಯ ಅಂಚಿನ ಪಕ್ಕದಲ್ಲಿ ಆ ಜಿಗಿತ ಅಪಾಯ. ಎಲ್ಲರಿಗೂ ಸಿಗುವಂತೆ ಅಂತೂ ಹಾಕಬೇಡಿ. ಹಾಕಿದರೆ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಏಣಿನ ಮೇಲೆ ಮಣ್ಣು ಕೊಚ್ಚಿಹೋಗುವ ಒಂದು ಕಾಲುದಾರಿ ಬಿದ್ದಿರುತ್ತದೆ. ಯಾರಾದರೂ ಬಲವಂತವಾಗಿ ಕೇಳಿದರೆ, ಮ್ಯಾಪ್ ಎದುರಿಗೆ ಹರಡಿ ಕೂತು ಅವರ ಕೈಯಲ್ಲೇ ಕೆಂಪು, ನೀಲಿ ಗೆರೆ ಎಳೆಸಿ. ದಾರಿ ಅವರೇ ಹಾಕಿಕೊಳ್ಳಲಿ.